ತಾಳ ತಪ್ಪಿಸುತ್ತಿರುವುದು ನಿಮ್ಮ ಕಂಠವಲ್ಲ

ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡಿರುವ ಕನ್ನಡದ ಗಾಯಕ ಗಾಯಕಿಯರೇ, ಭಾಗವತಿಕೆ ಕಲಿಯುತ್ತಿರುವವರೇ, ಕೀಬೋರ್ಡ್ ನುಡಿಸುವವರೇ, ಭಾವಗೀತೆಗೆ ತಾವೇ ಟ್ರ್ಯಾಕ್ ಕಟ್ಟಿ ಹಾಡುವವರೇ,



ಮನೆಯಿಂದ ದನಿ ಹೊರಡಿಸುವುದು ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಕೇಂದ್ರ ಶುರು ಮಾಡಿದ್ದು ತಮ್ಮ ಮನೆಯಲ್ಲೇ. ಹಾಡಿನ ರೆಕಾರ್ಡಿಂಗ್ ಮಾತ್ರ ಬಹಳ ಕಾಲ ಮನೆಗೆ ಎಟುಕಲಿಲ್ಲ. ಕನ್ನಡ ಸಿನಿಮಾದ ಹಾಡುಗಳಿಗೂ ಗಾಯಕರು ಮದರಾಸಿನ ರೈಲು ಹತ್ತಬೇಕಿತ್ತು. ಶಂಕರ್‌ನಾಗ್, ಅನಂತನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ ಮೇಲೆ ಆ ಅಲೆದಾಟ ತಗ್ಗಿತು. ಈಗ ಒಂದು ಲ್ಯಾಪ್‌ಟಾಪು, ಒಂದು ಮೈಕು, ಚಿಕ್ಕದೊಂದು ಆಡಿಯೊ ಇಂಟರ್‌ಫೇಸು, ಒಂದು ಹೆಡ್‌ಫೋನು ಇದ್ದರೆ ಸಾಕು. ರೀಪರ್, ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೊ, ಕೇಕ್‌ವಾಕ್, ಅಡಾಸಿಟಿ ಹೀಗೆ ಸಾಫ್ಟ್‌ವೇರ್‌ಗಳಿಗೆ ಬರವಿಲ್ಲ. ಕೆಲವಕ್ಕೆ ದುಡ್ಡೂ ಕೊಡಬೇಕಾಗಿಲ್ಲ.

ಆದರೂ ಎಷ್ಟೋ ಮನೆಗಳಲ್ಲಿ ಮೊದಲ ಹಾಡು ಮುಗಿಯುವುದೇ ಇಲ್ಲ. ಹಾಡುಗಾರ್ತಿ ಪಲ್ಲವಿ ಎತ್ತಿಕೊಳ್ಳುತ್ತಾಳೆ. ಹೆಡ್‌ಫೋನಿನಲ್ಲಿ ತನ್ನದೇ ದನಿ ತನಗೆ ತಡವಾಗಿ ಕೇಳಿಸುತ್ತದೆ. ಅದಕ್ಕಾಗಿ ಕಾಯುತ್ತಾಳೆ, ಅಷ್ಟರಲ್ಲಿ ಸಮ ಜಾರಿರುತ್ತದೆ. ಇನ್ನೊಮ್ಮೆ, ಮತ್ತೊಮ್ಮೆ. ಕೊನೆಗೆ ‘ನನಗೆ ಲಯಜ್ಞಾನವೇ ಸಾಲದು’ ಎಂದು ಮೈಕು ಕೆಳಗಿಡುತ್ತಾಳೆ. ಇಲ್ಲವೇ ‘ಲ್ಯಾಪ್‌ಟಾಪ್ ಹಳತಾಯಿತು’ ಎಂದು ಯಾರೋ ಹೇಳಿದ್ದನ್ನು ನಂಬಿ ಸಾಲ ಮಾಡಿ ಹೊಸದು ತರುತ್ತಾಳೆ. ಹೊಸದರಲ್ಲೂ ಅದೇ ಕಥೆ. ಈ ಪತ್ರ ಬರೆಯಬೇಕಾಗಿ ಬಂದದ್ದು ಆ ನಿರಾಶೆಗಾಗಿ. ಆಕೆಯ ಲಯದಲ್ಲಿ ತಪ್ಪಿಲ್ಲ, ಬಹಳ ಸಲ ಲ್ಯಾಪ್‌ಟಾಪಿನಲ್ಲೂ ಇಲ್ಲ. ತಪ್ಪಿರುವುದು ಸೆಟ್ಟಿಂಗ್ಸ್‌ನ ಒಂದೆರಡು ಸಾಲುಗಳಲ್ಲಿ.

ತಡವಾಗಿ ಬಂದ ತನ್ನ ದನಿ ಮನುಷ್ಯನನ್ನು ಹೇಗೆ ಕೆಡಿಸುತ್ತದೆ ಎಂಬುದು ಎಪ್ಪತ್ತು ವರ್ಷಕ್ಕೂ ಹಿಂದೆಯೇ ಗೊತ್ತಾಗಿತ್ತು. ಅಮೆರಿಕದ ಬರ್ನಾರ್ಡ್ ಲೀ ಈ ಬಗ್ಗೆ ಬರೆದದ್ದು 1950ರಲ್ಲಿ. ಮಾತಾಡುವವರ ದನಿಯನ್ನು ಒಂದಿಷ್ಟು ತಡ ಮಾಡಿ ಅವರ ಕಿವಿಗೇ ಕೇಳಿಸಿದರೆ ನಿರರ್ಗಳವಾಗಿ ಮಾತಾಡುವವರೂ ತೊದಲುತ್ತಾರೆ. ಆ ತೊದಲು ಅತಿ ಹೆಚ್ಚಾಗುವುದು ತಡ ಸುಮಾರು 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದಾಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ತಡವಾಗಿ ಮುಟ್ಟುವಂತೆ ಮಾಡಿ ನೋಡಿದರು. ತಡ ಹೆಚ್ಚಿದಷ್ಟೂ ಲಯ ಎಳೆಯುತ್ತ ಹೋಯಿತು. ವರ್ಷಗಟ್ಟಲೆ ಕೈಯಲ್ಲಿ ತಾಳ ಹಾಕಿ ಕಲಿತವರೂ ಇದರಿಂದ ತಪ್ಪಿಸಿಕೊಳ್ಳಲಾರರು.

ಹಾಗಾದರೆ ಆ ತಡ ಎಲ್ಲಿ ಹುಟ್ಟುತ್ತದೆ? ಮೈಕಿನಿಂದ ಬಂದ ದನಿಯನ್ನು ಇಂಟರ್‌ಫೇಸು ಅಂಕಿಗಳಾಗಿ ಮಾಡುತ್ತದೆ. ಆ ಅಂಕಿಗಳನ್ನು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಸಾಫ್ಟ್‌ವೇರಿಗೆ ತಲುಪಿಸುತ್ತದೆ. ಹಾಡು ಅದೇ ದಾರಿಯಲ್ಲಿ ಹೆಡ್‌ಫೋನಿಗೆ ಮರಳುತ್ತದೆ. ವಿಂಡೋಸ್‌ನಲ್ಲಿ ಈ ದಾರಿ ಒಂದಲ್ಲ, ನಾಲ್ಕಾರು. ಎಂಎಂಇ ಬಹಳ ಹಳೆಯದು, ತೊಂಬತ್ತರ ದಶಕದ ಆರಂಭದ್ದು. ಡೈರೆಕ್ಟ್‌ಸೌಂಡ್ ಆಟಗಳಿಗಾಗಿ ಬಂದದ್ದು. ವಾಸಾಪಿ ಬಂದದ್ದು ವಿಂಡೋಸ್ ವಿಸ್ಟಾ ಜೊತೆಗೆ. ಸಿನಿಮಾ ನೋಡಲು, ಕರೆ ಮಾಡಲು ಇವೆಲ್ಲ ಸಾಕು. ಆದರೆ ಸಾಮಾನ್ಯ ಸ್ಥಿತಿಯಲ್ಲಿ ಎಲ್ಲ ಪ್ರೋಗ್ರಾಂಗಳ ದನಿಯನ್ನೂ ವಿಂಡೋಸ್ ಒಂದೆಡೆ ಕಲೆಸಿ ಕಳಿಸುವುದರಿಂದ ತಡ ಬೆಳೆಯುತ್ತದೆ. ಎಂಎಂಇ ದಾರಿಯಲ್ಲಿ ಅದು 100 ಮಿಲಿಸೆಕೆಂಡ್ ದಾಟುವುದು ಮಾಮೂಲು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಆಸಿಯೋ ಈ ಕಲೆಸುವಿಕೆಯನ್ನೇ ಬದಿಗಿಟ್ಟು, ಸಾಫ್ಟ್‌ವೇರಿಗೂ ಇಂಟರ್‌ಫೇಸಿಗೂ ನೇರ ಸಂಬಂಧ ಕಲ್ಪಿಸಿತು. ವಿಂಡೋಸ್‌ನಲ್ಲಿ ಹಾಡುವವರು ಮೊದಲು ನೋಡಬೇಕಾದದ್ದು ಇದನ್ನೇ. ರೀಪರ್‌ನಲ್ಲಾದರೆ ಪ್ರಿಫರೆನ್ಸಸ್‌ಗೆ ಹೋಗಿ, ಆಡಿಯೊ ಕೆಳಗಿನ ಡಿವೈಸ್ ಪುಟ ತೆರೆಯಿರಿ. ಅಲ್ಲಿ ಎಂಎಂಇ ಅಂತಲೋ ಡೈರೆಕ್ಟ್‌ಸೌಂಡ್ ಅಂತಲೋ ಇದ್ದರೆ ನಿಮ್ಮ ಅರ್ಧ ಸಂಕಟಕ್ಕೆ ಕಾರಣ ಸಿಕ್ಕಿತು.

ಆಸಿಯೋ ಪಟ್ಟಿ ತೆರೆದಾಗ ಒಂದಲ್ಲ, ಮೂರು ನಾಲ್ಕು ಹೆಸರು ಕಾಣುವುದುಂಟು. ಇಂಟರ್‌ಫೇಸು ತಯಾರಿಸಿದವರ ಡ್ರೈವರ್ ಒಂದು, ಆಸಿಯೋ ಫಾರ್ ಆಲ್ ಒಂದು, ಎಫ್‌ಎಲ್ ಸ್ಟುಡಿಯೊ ಹಾಕಿಕೊಂಡು ಬಂದದ್ದು ಒಂದು, ಸ್ಟೈನ್‌ಬರ್ಗಿನ ಜೆನೆರಿಕ್ ಡ್ರೈವರ್ ಇನ್ನೊಂದು. ತಯಾರಕರ ಡ್ರೈವರ್ ಇದ್ದರೆ ಬೇರೆ ಯಾವುದನ್ನೂ ಮುಟ್ಟಬೇಡಿ. ಆಸಿಯೋ ಫಾರ್ ಆಲ್ ಉಪಕಾರಿ, ಅದರಲ್ಲಿ ಸಂದೇಹವಿಲ್ಲ. ಮೈಕೆಲ್ ಟಿಪ್ಪಾಕ್ ಬರೆದು ಉಚಿತವಾಗಿ ಹಂಚಿದ ಆ ಪ್ರೋಗ್ರಾಂ ಇಂಟರ್‌ಫೇಸು ಕೊಳ್ಳಲಾಗದ ಎಷ್ಟೋ ಜನರಿಗೆ ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಕಾರ್ಡಿನಲ್ಲೇ ಕೆಲಸ ಮಾಡಿಸಿದೆ. ಅದು ವಿಂಡೋಸ್‌ನ ಒಳಗಿನ ಡ್ರೈವರ್‌ಗೆ ಆಸಿಯೋ ವೇಷ ತೊಡಿಸುತ್ತದೆ, ಅಷ್ಟೆ. ಒಳ್ಳೆಯ ಇಂಟರ್‌ಫೇಸು ಎದುರಿಗಿದ್ದೂ ಅದನ್ನೇ ಆಯ್ದುಕೊಂಡರೆ ಇದ್ದ ಸೌಕರ್ಯ ಬಿಟ್ಟಂತೆ.

ಅಡಾಸಿಟಿ ಬಳಸುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಎಷ್ಟೋ ಜನ ಕಲಿಕೆ ಶುರು ಮಾಡುವುದು ಅದರಲ್ಲೇ. ಅದು ಎಲ್ಲರಿಗೂ ಮುಕ್ತವಾದ ಸಾಫ್ಟ್‌ವೇರು. ಆಸಿಯೋದ ಲೈಸೆನ್ಸು ಅದರ ಲೈಸೆನ್ಸಿನ ಜೊತೆ ಹೊಂದದೆ ಬಹುಕಾಲ ಅದರಲ್ಲಿ ಆಸಿಯೋ ಇರಲಿಲ್ಲ. ಅಂಥಲ್ಲಿ ವಾಸಾಪಿ ಆಯ್ದುಕೊಳ್ಳುವುದು ಮೇಲು. ಟ್ರ್ಯಾಕಿನ ಮೇಲೆ ಟ್ರ್ಯಾಕ್ ಹಾಡುವಾಗ ಹೊಸ ಟ್ರ್ಯಾಕ್ ಮುಂದೆಯೋ ಹಿಂದೆಯೋ ಸರಿದರೆ ಲೇಟೆನ್ಸಿ ಕಾಂಪೆನ್ಸೇಶನ್ ಎಂಬ ಅಂಕಿ ನೋಡಿ. ಮೊದಲಿಗೆ ಅಲ್ಲಿ ಮೈನಸ್ 130 ಮಿಲಿಸೆಕೆಂಡ್ ಇರುತ್ತದೆ. ನಿಮ್ಮ ಯಂತ್ರದ ಅಂಕಿ ಬೇರೆಯೇ ಇರಬಹುದು. ಒಂದು ಕ್ಲಿಕ್ ಟ್ರ್ಯಾಕ್ ನುಡಿಸಿ, ಹೆಡ್‌ಫೋನನ್ನು ಮೈಕಿಗೆ ಹಿಡಿದು ರೆಕಾರ್ಡ್ ಮಾಡಿ, ಎರಡು ಕ್ಲಿಕ್‌ಗಳ ನಡುವಿನ ಅಂತರ ಅಳೆದರೆ ಸರಿಯಾದ ಅಂಕಿ ಕೈಗೆ ಬರುತ್ತದೆ.

ಡ್ರೈವರ್ ಸರಿಹೋದ ಮೇಲೆ ಬಫರ್. ಕಂಪ್ಯೂಟರು ದನಿಯನ್ನು ಒಂದೊಂದೇ ಅಂಕಿಯಾಗಿ ಸಾಗಿಸುವುದಿಲ್ಲ, ಕಂತುಗಳಲ್ಲಿ ಸಾಗಿಸುತ್ತದೆ. ಒಂದು ಕಂತಿನಲ್ಲಿ ಎಷ್ಟು ಸ್ಯಾಂಪಲ್, ಅಂದರೆ ದನಿಯ ಎಷ್ಟು ಅಂಕಿ, ಎಂಬುದೇ ಬಫರ್ ಸೈಜು. ಲೆಕ್ಕ ಸುಲಭ: ಬಫರನ್ನು ಸ್ಯಾಂಪಲ್ ರೇಟಿನಿಂದ, ಅಂದರೆ ಸೆಕೆಂಡಿಗೆ ಸಾಗುವ ಸ್ಯಾಂಪಲ್‌ಗಳ ಸಂಖ್ಯೆಯಿಂದ, ಭಾಗಿಸಿ. 1024 ಸ್ಯಾಂಪಲ್, ರೇಟು 44,100 ಇದ್ದರೆ ಸುಮಾರು 23 ಮಿಲಿಸೆಕೆಂಡ್. ಒಳಗೆ ಬರಲು ಒಂದು ಸಲ, ಹೊರಗೆ ಹೋಗಲು ಒಂದು ಸಲ, ಒಟ್ಟು 46. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಆ ಸೆಟ್ಟಿಂಗಿನಲ್ಲಿ ಹಾಡುವುದೆಂದರೆ ತಬಲಾದವರನ್ನು ಸಭಾಂಗಣದ ಕೊನೆಯ ಸಾಲಿನಲ್ಲಿ, 16 ಮೀಟರ್ ಆಚೆ ಕೂರಿಸಿ ವೇದಿಕೆಯ ಮೇಲೆ ಹಾಡಿದ ಹಾಗೆ. ಅದನ್ನೇ 128 ಸ್ಯಾಂಪಲ್, 48,000 ರೇಟಿಗೆ ಇಳಿಸಿದರೆ ಒಂದು ಕಡೆಗೆ 2.7 ಮಿಲಿಸೆಕೆಂಡ್, ಎರಡೂ ಸೇರಿ 5.3. ಯುಎಸ್‌ಬಿ, ಪರಿವರ್ತಕಗಳ ಪಾಲು ಇನ್ನಷ್ಟು ಸೇರಿದರೂ ಕಿವಿ ಅದನ್ನು ಒಪ್ಪಿಕೊಳ್ಳುತ್ತದೆ.

ಹಾಗಿದ್ದರೆ ಯಾವಾಗಲೂ ಕಡಿಮೆಯೇ ಇಡಬಾರದೇಕೆ? ಕಂತು ಚಿಕ್ಕದಾದಷ್ಟೂ ಪ್ರೊಸೆಸರಿಗೆ ಬಿಡುವು ಕಡಿಮೆ. ಒಂದು ಕಂತು ಸಮಯಕ್ಕೆ ಸಿದ್ಧವಾಗದಿದ್ದರೆ ಚಟಪಟ ಸದ್ದು. ಆದ್ದರಿಂದ ಹಾಡು ತುಂಬಿಕೊಳ್ಳುವಾಗ 64ರಿಂದ 256ರ ನಡುವೆ ಇಟ್ಟು, ರಿವರ್ಬು ಮೊದಲಾದ ಭಾರದ ಪ್ಲಗಿನ್‌ಗಳನ್ನು ಆಫ್ ಮಾಡಿಡಬೇಕು. ಮಿಕ್ಸಿಂಗಿಗೆ ಕೂತಾಗ 1024ಕ್ಕೋ 2048ಕ್ಕೋ ಏರಿಸಬೇಕು. ಆಗ ಯಾರೂ ಹಾಡುತ್ತಿರುವುದಿಲ್ಲ, ತಡವಾದರೂ ನಷ್ಟವಿಲ್ಲ. ಒಂದೇ ಅಂಕಿಯನ್ನು ಎರಡೂ ಕೆಲಸಕ್ಕೆ ಇಟ್ಟುಕೊಂಡು ಪೇಚಾಡುವವರೇ ಹೆಚ್ಚು. ಬಫರ್ ಏರಿಸಿದರೂ ಚಟಪಟ ನಿಲ್ಲದಿದ್ದರೆ ಬೇರೆ ಯಾವುದೋ ಡ್ರೈವರು ಪ್ರೊಸೆಸರನ್ನು ಹಿಡಿದು ಕೂತಿರಬಹುದು. ವೈಫೈ ಡ್ರೈವರಿಗೆ ಈ ದುರಭ್ಯಾಸ ಹೆಚ್ಚು. ಹಾಡುವಷ್ಟು ಹೊತ್ತು ವೈಫೈ ಆಫ್ ಮಾಡಿ ನೋಡಿ. ಲೇಟೆನ್ಸಿಮಾನ್ ಎಂಬ ಪ್ರೋಗ್ರಾಂ ತಪ್ಪಿತಸ್ಥ ಡ್ರೈವರಿನ ಹೆಸರನ್ನೇ ತೋರಿಸುತ್ತದೆ.

ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದ್ದರೆ ಅದು ಇನ್ನೂ ಒಳ್ಳೆಯದು. ನಿಮ್ಮ ದನಿ ಕಂಪ್ಯೂಟರಿನೊಳಗೆ ಹೋಗಿ ಬರದೆ ಅಲ್ಲಿಂದಲೇ ಕಿವಿಗೆ ಬರುತ್ತದೆ. ಅದನ್ನು ಒತ್ತಿದ ಮೇಲೆ ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡುವುದನ್ನು ಮರೆಯಬೇಡಿ. ಮರೆತರೆ ದನಿ ಎರಡೆರಡಾಗಿ ಕೇಳುತ್ತದೆ, ಮತ್ತೆ ಗಾಬರಿ.

ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಹಾಡಬೇಡಿ. ಎಷ್ಟು ದುಬಾರಿಯದಾದರೂ ಬೇಡ. ಅದರ ತಡ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್, ಕೆಲವದರಲ್ಲಿ ಇನ್ನೂ ಹೆಚ್ಚು. ಜನ ಅತಿ ಹೆಚ್ಚು ತೊದಲುವ ಅಳತೆಗೆ ಅದು ತೀರ ಹತ್ತಿರ. ಅದರದೇ ಮೈಕು ಬಳಸಿದರಂತೂ ದನಿಯ ಗುಣ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ತಂತಿಯ ಹೆಡ್‌ಫೋನಿಗೆ ಬದಲಿಲ್ಲ.

ಇನ್ನು ಸ್ಯಾಂಪಲ್ ರೇಟು. ನಮ್ಮ ಸಂಗೀತದವರಿಗೆ ಇದರಷ್ಟು ನೋವು ಕೊಡುವ ಸೆಟ್ಟಿಂಗ್ ಇನ್ನೊಂದಿಲ್ಲ, ಏಕೆಂದರೆ ಇದು ಕೆಡಿಸುವುದು ಶ್ರುತಿಯನ್ನು. 44,100 ಎಂಬ ವಿಚಿತ್ರ ಅಂಕಿ ಬಂದದ್ದು ವಿಡಿಯೊ ಟೇಪಿನಿಂದ. ಡಿಜಿಟಲ್ ದನಿಯನ್ನು ವಿಡಿಯೊ ಟೇಪಿನ ಗೆರೆಗಳಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ ಗೆರೆಗೆ 3 ಸ್ಯಾಂಪಲ್, 245 ಗೆರೆ, ಸೆಕೆಂಡಿಗೆ 60 ಬಾರಿ, ಗುಣಿಸಿದರೆ 44,100. ಯುರೋಪಿನ ಮತ್ತು ನಮ್ಮ ದೇಶದ 50ರ ಪದ್ಧತಿಯಲ್ಲೂ 3, 294, 50 ಗುಣಿಸಿದರೆ ಅದೇ ಉತ್ತರ. 1982ರಲ್ಲಿ ಬಂದ ಸಿಡಿ ಇದನ್ನೇ ಉಳಿಸಿಕೊಂಡಿತು. ಸಿನಿಮಾ, ವಿಡಿಯೊ, ಫೋನಿನ ಕ್ಯಾಮೆರಾ ಮಾತ್ರ 48,000ಕ್ಕೆ ಒಗ್ಗಿಕೊಂಡವು. ಹೀಗಾಗಿ ಹಾಡನ್ನು ಒಂದರಲ್ಲಿ ತುಂಬಿ, ವಿಡಿಯೊವನ್ನು ಇನ್ನೊಂದರಲ್ಲಿ ಹಿಡಿಯುವ ಮನೆಗಳಲ್ಲಿ ಎರಡೂ ಅಂಕಿ ಸದಾ ಎದುರಾಗುತ್ತವೆ.

ಬಹುತೇಕ ಸಾಫ್ಟ್‌ವೇರುಗಳು ಒಂದನ್ನು ಇನ್ನೊಂದಕ್ಕೆ ತಾವೇ ಪರಿವರ್ತಿಸುತ್ತವೆ. ಎಡವಟ್ಟಾಗುವುದು ಪ್ರಾಜೆಕ್ಟು ಒಂದು ರೇಟು ನಂಬಿಕೊಂಡು, ಇಂಟರ್‌ಫೇಸು ಇನ್ನೊಂದರಲ್ಲಿ ಓಡುತ್ತಿದ್ದಾಗ. 44,100ರ ಹಾಡು 48,000ರಲ್ಲಿ ನುಡಿದರೆ ಶ್ರುತಿ ಹತ್ತಿರ ಹತ್ತಿರ ಒಂದೂವರೆ ಸ್ವರಸ್ಥಾನ ಏರುತ್ತದೆ. ಕರಿ ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೂ ಕರಿ ಎರಡಕ್ಕೂ ನಡುವೆ ಹೋಗಿ ನಿಲ್ಲುತ್ತದೆ, ಅಂದರೆ ಹಾರ್ಮೋನಿಯಂನ ಯಾವ ಪಟ್ಟಿಗೂ ಸಿಗದ ಜಾಗದಲ್ಲಿ. 4 ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ, ದನಿ ಚಿಕ್ಕ ಹುಡುಗಿಯ ದನಿಯಂತಾಗುತ್ತದೆ. ‘ಮೈಕು ನನ್ನ ದನಿ ಬದಲಿಸುತ್ತಿದೆ’ ಎನ್ನುವ ದೂರಿನ ಹಿಂದೆ ಇರುವುದು ಎಷ್ಟೋ ಸಲ ಇದೇ. ನೋಡಬೇಕಾದ ಜಾಗ ಮೂರು: ಪ್ರಾಜೆಕ್ಟಿನ ಸೆಟ್ಟಿಂಗು, ಇಂಟರ್‌ಫೇಸಿನ ಕಂಟ್ರೋಲ್ ಪ್ಯಾನೆಲ್, ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ಅದೇ ಸಾಧನದ ಅಡ್ವಾನ್ಸ್‌ಡ್ ಪುಟ. ಮೂರರಲ್ಲೂ ಒಂದೇ ಅಂಕಿ ಇರಲಿ. ವಿಡಿಯೊ ಮಾಡುವವರು 48,000 ಇಟ್ಟುಕೊಂಡರೆ ರಗಳೆ ಕಡಿಮೆ. ವಿಂಡೋಸ್ ಅಪ್‌ಡೇಟ್ ಆದ ಮರುದಿನ ಇನ್ನೊಮ್ಮೆ ನೋಡಿ.

ಏನೂ ಕೇಳಿಸದೇ ಹೋದರೆ? ಕಂಡೆನ್ಸರ್ ಮೈಕಾದರೆ 48 ವೋಲ್ಟಿನ ಗುಂಡಿ ಒತ್ತಿದೆಯೇ ನೋಡಿ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ 2018ರಿಂದೀಚೆಗೆ ಮೈಕು ಬಳಸಲು ಪ್ರೈವಸಿ ಪುಟದಲ್ಲಿ ಅನುಮತಿ ಕೊಡಬೇಕು. ಇಲ್ಲದಿದ್ದರೆ ಎಲ್ಲ ಸರಿಯಿದ್ದೂ ಟ್ರ್ಯಾಕಿನಲ್ಲಿ ಮೌನ. ಆಮೇಲೆ ತೆರೆದಿರುವ ಬೇರೆ ಪ್ರೋಗ್ರಾಂಗಳು. ಬ್ರೌಸರಿನ ಒಂದು ಟ್ಯಾಬು, ಬೆಳಗಿನ ಜೂಮ್ ಪಾಠ ಇಂಟರ್‌ಫೇಸನ್ನು ಹಿಡಿದಿಟ್ಟುಕೊಂಡಿರಬಹುದು. ಸೌಂಡ್ ಕಂಟ್ರೋಲ್ ಪ್ಯಾನೆಲಿನ ಕಮ್ಯುನಿಕೇಶನ್ಸ್ ಪುಟದಲ್ಲಿ, ಕರೆ ಬಂದಾಗ ಉಳಿದ ದನಿಗಳನ್ನು 80 ಪರ್ಸೆಂಟ್ ತಗ್ಗಿಸುವ ಆಯ್ಕೆ ಮೊದಲೇ ಹಾಕಿರುತ್ತದೆ. ಅದನ್ನು ಏನೂ ಮಾಡಬೇಡ ಎನ್ನುವುದಕ್ಕೆ ಬದಲಿಸಿ.

ಜೂಮ್ ಮಾತು ಬಂದದ್ದರಿಂದ ಹೇಳುವುದು. ಮೈಸೂರು, ಬೆಂಗಳೂರಿನ ಎಷ್ಟೋ ಗುರುಗಳು ಅಮೆರಿಕದಲ್ಲಿ, ಕೊಲ್ಲಿಯಲ್ಲಿ ಇರುವ ಕನ್ನಡದ ಮಕ್ಕಳಿಗೆ ಹೀಗೇ ಪಾಠ ಹೇಳುತ್ತಾರೆ. ‘ತಂಬೂರಿ ಹಾಕಿದ್ದೇನೆ, ಮಗುವಿಗೆ ಕೇಳಿಸುತ್ತಿಲ್ಲ’ ಎನ್ನುವುದು ಅವರ ನಿತ್ಯದ ಗೋಳು. ಜೂಮ್‌ನ ಗದ್ದಲ ತೆಗೆಯುವ ಸೌಲಭ್ಯ ಫ್ಯಾನಿನ ಸದ್ದಿನಂಥ, ಏರಿಳಿತವಿಲ್ಲದ ಶಬ್ದವನ್ನು ಕಸವೆಂದು ಎಣಿಸಿ ಅಳಿಸುತ್ತದೆ. ತಂಬೂರಿಯ ನಾದ ಅದರ ಲೆಕ್ಕದಲ್ಲಿ ಅಂಥದೇ. ಜೂಮ್‌ನಲ್ಲಿ ಸಂಗೀತದವರಿಗಾಗಿ ಒರಿಜಿನಲ್ ಸೌಂಡ್ ಎಂಬ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಇದೇ ಕಾರಣಕ್ಕೆ ರೆಕಾರ್ಡ್ ಮಾಡುವಾಗ ವಿಂಡೋಸ್‌ನ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ.

ಎರಡು ಯುಎಸ್‌ಬಿ ಮೈಕು ಇಟ್ಟು, ಒಂದರಲ್ಲಿ ಗಾಯನ, ಇನ್ನೊಂದರಲ್ಲಿ ಮೃದಂಗ ಹಿಡಿಯುವ ಪ್ರಯತ್ನವೂ ಸಾಮಾನ್ಯ. ಆಸಿಯೋ ಒಂದು ಸಲಕ್ಕೆ ಒಂದೇ ಡ್ರೈವರನ್ನು ಒಪ್ಪುತ್ತದೆ. ಹೇಗೋ ಸೇರಿಸಿದರೂ ಎರಡು ಮೈಕುಗಳ ಗಡಿಯಾರ ಒಂದೇ ಅಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ ನಿಮಿಷಕ್ಕೆ 3 ಮಿಲಿಸೆಕೆಂಡ್ ದೂರ ಸರಿಯುತ್ತವೆ, 20 ನಿಮಿಷದ ಕೃತಿ ಮುಗಿಯುವಾಗ ಮೃದಂಗ 60 ಮಿಲಿಸೆಕೆಂಡ್ ಆಚೆ. ಮ್ಯಾಕ್‌ನ ಅಗ್ರಿಗೇಟ್ ಡಿವೈಸ್‌ನಲ್ಲಿ ಡ್ರಿಫ್ಟ್ ಕರೆಕ್ಷನ್ ಇದೆ. ಉಳಿದವರು ಎರಡು ಮೈಕಿನ ಒಂದೇ ಇಂಟರ್‌ಫೇಸು ಬಳಸುವುದು ಕ್ಷೇಮ. ಇಡೀ ಪತ್ರದಲ್ಲಿ ದುಡ್ಡು ಖರ್ಚು ಮಾಡಿ ಎಂದು ಹೇಳುವ ಜಾಗ ಇದೊಂದೇ.

‘ಗುಂಯ್’ ಎನ್ನುವ ಸದ್ದಿಗೆ ಡ್ರೈವರಿನಲ್ಲಿ ಮದ್ದು ಹುಡುಕಬೇಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಮನೆಯ ಅರ್ತಿಂಗ್ ಸಮಸ್ಯೆ ಇರಬಹುದು, ಆಗ ಅದು ಎಲೆಕ್ಟ್ರಿಷಿಯನ್ ಕೆಲಸ.

ಕೀಬೋರ್ಡ್‌ನವರಿಗೆ ಈಗ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ಮೇಳದಲ್ಲಿ ಡೇವ್ ಸ್ಮಿತ್ ಅವರ ಕಂಪನಿಯ ಪ್ರಾಫೆಟ್ 600 ಮತ್ತು ರೋಲ್ಯಾಂಡ್‌ನ ಜುಪಿಟರ್ 6 ಕೀಬೋರ್ಡುಗಳು ಒಂದು ತಂತಿಯಿಂದ ಮಾತಾಡಿಕೊಂಡವು. ಒಂದರ ಕೀ ಒತ್ತಿದರೆ ಇನ್ನೊಂದು ನುಡಿಯಿತು. ಪೈಪೋಟಿಯ ಕಂಪನಿಗಳು ಮಿಡಿ ಎಂಬ ಒಂದೇ ಭಾಷೆಗೆ ಒಪ್ಪಿದ್ದರ ಫಲ ಅದು. ಅದರ ಹಿಂದಿದ್ದ ಸ್ಮಿತ್ ಮತ್ತು ರೋಲ್ಯಾಂಡ್‌ನ ಇಕುತಾರೊ ಕಾಕೆಹಾಶಿ ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಬಂತು. ಮಿಡಿಯಲ್ಲಿ ಹರಿಯುವುದು ದನಿಯಲ್ಲ, ಬರೀ ಸೂಚನೆ: ಯಾವ ಕೀ, ಎಷ್ಟು ಬಲ, ಯಾವಾಗ ಬಿಟ್ಟರು. ಆದ್ದರಿಂದ ಸಾಫ್ಟ್‌ವೇರಿನಲ್ಲಿ ಮಿಡಿ ದೀಪ ಮಿನುಗುತ್ತಿದ್ದೂ ಸದ್ದಿಲ್ಲದಿದ್ದರೆ ಡ್ರೈವರ್ ಸರಿಯಾಗಿದೆ ಎಂದೇ ಅರ್ಥ. ಟ್ರ್ಯಾಕಿಗೆ ವಾದ್ಯದ ಪ್ಲಗಿನ್ ಹಾಕಿಲ್ಲ, ಅಥವಾ ರೆಕಾರ್ಡ್ ಗುಂಡಿ, ಮಾನಿಟರ್ ಒತ್ತಿಲ್ಲ.

ಕೀ ಒತ್ತಿದ ಮೇಲೆ ಸ್ವರ ತಡವಾಗಿ ಬಂದರೆ ಎಲ್ಲರೂ ಮಿಡಿ ಸೆಟ್ಟಿಂಗ್ ತಡಕಾಡುತ್ತಾರೆ. ಐದು ಪಿನ್ನಿನ ಹಳೆಯ ತಂತಿಯಲ್ಲೂ ಮಿಡಿ ಸೆಕೆಂಡಿಗೆ 31,250 ಬಿಟ್ ಓಡುತ್ತದೆ. ಒಂದು ಸ್ವರದ ಸೂಚನೆಗೆ ಹಿಡಿಯುವುದು ಒಂದು ಮಿಲಿಸೆಕೆಂಡಿಗಿಂತ ತುಸು ಕಡಿಮೆ. ತಡ ಆಗುವುದು ಪ್ಲಗಿನ್ ಹುಟ್ಟಿಸಿದ ದನಿ ಹೊರಬರುವಾಗ, ಅಂದರೆ ಮೇಲೆ ಹೇಳಿದ ಆಡಿಯೊ ಬಫರಿನಲ್ಲೇ. ವಿಂಡೋಸ್ ಜೊತೆ ಬರುವ ಮೈಕ್ರೋಸಾಫ್ಟ್ ಜಿಎಸ್ ವೇವ್‌ಟೇಬಲ್ ಸಿಂತ್ ಆಯ್ದುಕೊಂಡವರಿಗಂತೂ ತಡ ಕಟ್ಟಿಟ್ಟ ಬುತ್ತಿ. ಅದನ್ನು ಬಿಟ್ಟು ಒಂದು ಉಚಿತ ಪಿಯಾನೊ ಪ್ಲಗಿನ್ ಹಾಕಿಕೊಳ್ಳಿ.

ನಿನ್ನೆ ಸಿಕ್ಕಿದ್ದ ಕೀಬೋರ್ಡ್ ಇವತ್ತು ಸಿಗುತ್ತಿಲ್ಲವೇ? ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿರಬಹುದು. ವಿಂಡೋಸ್ ಅದನ್ನು ಹೊಸ ಸಾಧನವೆಂದು ತಿಳಿದು ಹೆಸರಿಗೆ 2 ಸೇರಿಸುವುದುಂಟು, ಸಾಫ್ಟ್‌ವೇರು ಹಳೆಯ ಹೆಸರನ್ನೇ ಹುಡುಕುತ್ತದೆ. ಯಾವಾಗಲೂ ಅದೇ ಕಿಂಡಿ ಬಳಸಿ, ಸಾಫ್ಟ್‌ವೇರ್ ತೆರೆಯುವ ಮುಂಚೆಯೇ ಕೀಬೋರ್ಡ್ ಆನ್ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂದರೆ ಹಳೆಯ ಹೆಸರುಗಳೆಲ್ಲ ಮಸುಕಾಗಿ ಕಾಣುತ್ತವೆ, ಅಳಿಸಬಹುದು. ವಿಂಡೋಸ್‌ನ ಹಳೆಯ ಮಿಡಿ ವ್ಯವಸ್ಥೆಯಲ್ಲಿ ಬಹುತೇಕ ಡ್ರೈವರುಗಳು ಒಂದು ಸಲಕ್ಕೆ ಒಂದೇ ಪ್ರೋಗ್ರಾಂಗೆ ದಾರಿ ಬಿಡುತ್ತವೆ ಎಂಬುದೂ ನೆನಪಿರಲಿ.

ಸ್ವಂತ ದನಿಯಿರುವ ಕೀಬೋರ್ಡ್‌ನಲ್ಲಿ ಪ್ರತಿ ಸ್ವರ ಎರಡೆರಡು ಸಲ ಕೇಳಿದರೆ ಅದರ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ ಆಫ್ ಮಾಡಿ. ಪಿಚ್ ಬೆಂಡ್ ಚಕ್ರದಿಂದ ಗಮಕ ತೆಗೆಯುವವರು ಪ್ಲಗಿನ್‌ನ ಬೆಂಡ್ ರೇಂಜ್ ನೋಡಬೇಕು. ಸಾಮಾನ್ಯವಾಗಿ ಅದು ಎರಡು ಸ್ವರಸ್ಥಾನದಷ್ಟೇ ಇರುತ್ತದೆ. ಬೇರೆ ಪ್ಲಗಿನ್‌ನಲ್ಲಿ ಹನ್ನೆರಡು ಇದ್ದರೆ ಅದೇ ಕೈಚಳಕ ಎಲ್ಲಿಗೋ ಹೋಗಿ ಮುಟ್ಟುತ್ತದೆ.

ಇನ್ನೊಂದು ಬೇಡಿಕೆ, ಇದು ಸಹಾಯ ಮಾಡುವ ಹಿರಿಯರಿಗೆ. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ‘ಸೌಂಡ್ ಬರ್ತಿಲ್ಲ ಸರ್’ ಎಂದಾಗ ‘ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ’ ಎಂದೋ ‘ಫಾರ್ಮ್ಯಾಟ್ ಮಾಡಿ’ ಎಂದೋ ತಟ್ಟನೆ ಹೇಳಿಬಿಡಬೇಡಿ. ಫಾರ್ಮ್ಯಾಟ್ ಎಂಬ ಆ ಒಂದು ಮಾತಿನಿಂದ ಅವರ ಪ್ರಾಜೆಕ್ಟುಗಳೇ ಅಳಿಸಿಹೋಗಬಹುದು. ಯಾವ ಆಪರೇಟಿಂಗ್ ಸಿಸ್ಟಂ, ಯಾವ ಇಂಟರ್‌ಫೇಸು, ಯಾವ ಡ್ರೈವರ್, ಎಷ್ಟು ರೇಟು, ಎಷ್ಟು ಬಫರ್ ಎಂದು ಮೊದಲು ಕೇಳಿ. ಸೆಟ್ಟಿಂಗ್ಸ್ ಪುಟದ ಫೋಟೊ ಕಳಿಸಲು ಹೇಳಿ. ಒಂದನ್ನು ಮಾತ್ರ ಬದಲಿಸಿ, ಹಾಡಿಸಿ ನೋಡಿ, ಆಮೇಲೆ ಇನ್ನೊಂದು. ಕೇಳುವವರೂ ಅಷ್ಟೆ: ಎಲ್ಲ ಸರಿಯಾಗಿ ಓಡುತ್ತಿರುವ ದಿನವೇ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಅಪ್‌ಡೇಟ್ ಬಂದು ಅಂಕಿಗಳನ್ನು ಅಳಿಸಿದಾಗ ಏನು ಬದಲಾಯಿತೆಂದು ಹೋಲಿಸಿ ನೋಡಬಹುದು, ಆ ಸಂಜೆಯ ಹಾಡು ನಿಲ್ಲುವುದಿಲ್ಲ.

ಇಂತಿ,
ನಿಮ್ಮ ಹಾಡು ಪೂರ್ತಿ ಕೇಳಲು ಕಾದಿರುವ
ಒಬ್ಬ ಹಿತೈಷಿ